ಮಂಡಕ್ಕಿ ಭಟ್ಟಿಯಲ್ಲಿ ಮೂರನೇ ಬಾಗಿಲು

ನನ್ನ ಆಯಸ್ಸಿನ ಹನ್ನೊಂದು ವರ್ಷ ಒಂದೇ ಒಂದು ಬಾಗಿಲು ತಟ್ಟುವುದರಲ್ಲಿ ಕಳೆದಿದೆ. ಆ ಬಾಗಿಲು ಇರುವುದು ಕೊಬ್ಬಿನ ಜೀವಕೋಶದ ಪೊರೆಯಲ್ಲಿ. ನಮ್ಮ ಅವ್ವನನ್ನು ಕೇಳಿದರೆ, "ಮನೆ ಬಾಗ್ಲಿಗೆ ಬಂದ ಗಂಡುಗಳನ್ನೆಲ್ಲ ಓಡಿಸಿ, ಇವಳು ಅದ್ಯಾವುದೋ ಕಣ್ಣಿಗೆ ಕಾಣದ ಬಾಗ್ಲು ಕಾಯ್ತಾ ಕೂತ್ಲು" ಎನ್ನುತ್ತಾಳೆ. ಹೇಳಲಿ ಬಿಡಿ, ಅವಳ ಮಾತಿನಲ್ಲಿ ಸುಳ್ಳೇನಿಲ್ಲ.

ಬಾಗಿಲೆಂದರೆ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಥೆ ಸಲೀಸಾಗುತ್ತದೆ. ಚಳಿಯಾದಾಗ, ಹೆದರಿಕೆಯಾದಾಗ ನಮ್ಮ ರಕ್ತಕ್ಕೆ ಅಡ್ರಿನಲಿನ್ ಜಾತಿಯ ರಸಗಳು ಇಳಿಯುತ್ತವೆ. ಹಳೇ ಕಾಲದ ಪೋಸ್ಟ್‌ಮನ್‌ನಂತೆ ಅವು ಬೀದಿಯ ಎಲ್ಲ ಮನೆಗೂ ಒಂದೇ ಕಾಗದ ಹಂಚಿಕೊಂಡು ಹೋಗುತ್ತವೆ. ಆ ಕಾಗದ ತೆಗೆದುಕೊಳ್ಳುವ ಬಾಗಿಲಿಗೆ ನಾವು ಗ್ರಾಹಿ ಎನ್ನುತ್ತೇವೆ. ಕಾಗದ ಒಂದೇ ಆದರೂ ಒಂದೊಂದು ಮನೆಯವರು ಓದುವ ರೀತಿ ಬೇರೆ. ಮೊದಲ ಬಾಗಿಲು ಹೃದಯದ್ದು. ತಟ್ಟಿದರೆ ಹೃದಯ ಓಡುತ್ತದೆ. ಎರಡನೆಯದು ಶ್ವಾಸಕೋಶ ಮತ್ತು ಸ್ನಾಯುಗಳದ್ದು; ಉಸಿರು ಸಡಿಲವಾಗುತ್ತದೆ, ಕೈ ನಡುಗುತ್ತದೆ. ಮೂರನೆಯದು ಕೊಬ್ಬಿನದು, ಅದನ್ನು ತಟ್ಟಿದರೆ ಕೊಬ್ಬು ಕರಗಿ, ಉರಿದು, ಮೈಗೆ ಕಾವಾಗುತ್ತದೆ. ಇವಲ್ಲದೆ ಸೊಂಟ, ತೊಡೆಗಳ ಕೊಬ್ಬಿನಲ್ಲಿ ಇನ್ನೊಂದು ಮೊಂಡು ಬಾಗಿಲಿದೆ. ಅದನ್ನು ತಟ್ಟಿದರೆ ಒಳಗಿನಿಂದ ಅಗಳಿ ಬೀಳುತ್ತದೆ, ಇದ್ದ ಕೊಬ್ಬು ಇದ್ದಲ್ಲೇ ಕೂರುತ್ತದೆ.

ಹಿಂದೆ ಮಾರಾಟವಾಗುತ್ತಿದ್ದ ಕೊಬ್ಬು ಕರಗಿಸುವ ಮಾತ್ರೆಗಳು ಕಂಡ ಕಂಡ ಬಾಗಿಲನ್ನೆಲ್ಲ ಗುದ್ದುತ್ತಿದ್ದವು. ಎದೆ ಡವಗುಟ್ಟಿ, ಕೈ ನಡುಗಿ, ನಿದ್ದೆ ಹಾರಿ, ಕೊನೆಗೆ ಕರಗಿದ್ದು ಒಂದೆರಡು ಕೆಜಿ. ಇಲಿ ಕಾಟಕ್ಕೆ ಮನೆಗೆ ಬೆಂಕಿ ಇಟ್ಟ ಹಾಗೆ. ಮೂರನೇ ಬಾಗಿಲನ್ನು ಮಾತ್ರ ತಟ್ಟಿದರೆ ಹೇಗೆ ಎಂಬುದು ನನ್ನ ಪ್ರಶ್ನೆ. ಅದಕ್ಕೆ ಉತ್ತರವೇ 'ಕಾವು'.

ಕಾವು ಎಂದರೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಪಟ್ಟಿ. ತೋಳಿಗೆ ಅಂಟಿಸಿದರೆ ಕೂದಲಿಗಿಂತ ತೆಳ್ಳನೆಯ ಸೂಜಿಗಳಿಂದ ಮೂರು ಔಷಧ ಬಿಡುತ್ತದೆ. ಒಂದು, ಮೂರನೇ ಬಾಗಿಲು ತಟ್ಟುವುದು. ಎರಡು, ಆ ಮೊಂಡು ಬಾಗಿಲಿನ ಬಾಯಿ ಮುಚ್ಚಿಸುವುದು. ಮೂರು, ತಪ್ಪಿ ಕೂಡ ಹೃದಯ ಓಡದ ಹಾಗೆ ಮೊದಲ ಬಾಗಿಲಿಗೆ ಚಿಲಕ ಹಾಕುವುದು. ಆ ಚಿಲಕದ ಬಗ್ಗೆ ನನಗೆ ಎಷ್ಟು ಹೆಮ್ಮೆ ಇತ್ತೆಂದರೆ ಕೇಳಬೇಡಿ.

ಪಟ್ಟಿಗೆ ಬುದ್ಧಿಯೂ ಇತ್ತು. ಚರ್ಮದ ಬಿಸಿ ನೋಡಿ ಔಷಧದ ಪ್ರಮಾಣವನ್ನು ತಾನೇ ನಿರ್ಧರಿಸುತ್ತಿತ್ತು. ಮನೆಯಲ್ಲಿ ಜ್ವರ ನೋಡುವ ಲೆಕ್ಕದಲ್ಲೇ ಹೇಳುವುದಾದರೆ, ಚರ್ಮ ನೂರು ಡಿಗ್ರಿ ದಾಟಿದರೆ ಔಷಧ ಬಂದ್. ಎಂಬತ್ತೆಂಟಕ್ಕಿಂತ ಕೆಳಗೆ ಇಳಿದರೆ, ಈ ಮನುಷ್ಯ ಚಳಿಯಲ್ಲಿದ್ದಾನೆ, ಎಷ್ಟು ಉರಿಸಿದರೂ ಅಪಾಯವಿಲ್ಲ ಎಂದು ಇನ್ನಷ್ಟು ಬಿಡುವುದು. ಈ ನಿಯಮ ಬರೆದವಳು ನಾನೇ. ಬರೆದದ್ದು ಕಂಬಳಿ ಹೊದ್ದು ಕೂರುವಷ್ಟು ತಣ್ಣಗಿನ ಪ್ರಯೋಗದ ಕೋಣೆಯಲ್ಲಿ. ನೂರಿಪ್ಪತ್ತು ಜನರ ಮೇಲೆ ಅಲ್ಲಿ ಪರೀಕ್ಷಿಸಿದೆವು, ಒಬ್ಬರಿಗೂ ಒಂದು ಸೀನು ಕೂಡ ಬರಲಿಲ್ಲ.

ಎರಡನೇ ಹಂತಕ್ಕೆ ನಾಲ್ಕು ನೂರು ಜನ ಬೇಕಾಗಿದ್ದರು. ಆಗ ನಮ್ಮ ಮನೆಗೆ ಬಂದವರು ಖೈರುನ್ನಿಸಾ.

ದಾವಣಗೆರೆಯಲ್ಲಿ ಈಗ ಮಂಡಕ್ಕಿ ಭಟ್ಟಿಗಳು ಬೆರಳೆಣಿಕೆಯಷ್ಟೂ ಉಳಿದಿಲ್ಲ, ಎಲ್ಲ ಯಂತ್ರವಾಗಿದೆ. ಆದರೂ ಯಂತ್ರದ ಮಂಡಕ್ಕಿ ಬಾಯಿಗೆ ಹಾಕಿಕೊಂಡರೆ ಕಾಗದ ಅಗಿದ ಹಾಗೆ ಎನ್ನುವವರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಅವರೆಲ್ಲ ಹೋಗುವುದು ಖೈರುನ್ನಿಸಾರ ಭಟ್ಟಿಗೆ. ಐವತ್ತೆಂಟರ ಹೆಂಗಸು, ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಹಟ. ಭಾನುವಾರ ನಮಗೆ ಮಂಡಕ್ಕಿ ತಂದುಕೊಡುತ್ತಿದ್ದವರು ಅಂದು ನಮ್ಮ ಮೂರು ಮೆಟ್ಟಿಲು ಹತ್ತುವುದಕ್ಕೆ ಐದು ನಿಮಿಷ ತೆಗೆದುಕೊಂಡರು.

"ಎರಡೂ ಮೊಣಕಾಲು ಸವೆದು ಹೋಗ್ಯಾವಂತ್ರಿ. ಹೊಸಾ ಕೀಲು ಹಾಕ್ತೀನಿ, ಆದ್ರೆ ಮೊದ್ಲು ಹನ್ನೆರಡು ಕೆಜಿ ಇಳಿಸ್ಕೊಂಡು ಬಾ ಅಂತಾನೆ ಆ ಡಾಕ್ಟ್ರು" ಎಂದರು. "ನಡೀಬೇಕಂತೆ. ನಡಿಯೋಕೆ ಆಗಿದ್ರೆ ನಾನು ಅವನ ಹತ್ರ ಯಾಕೆ ಹೋಗ್ತಿದ್ದೆ, ಹೇಳ್ರಿ?"

"ಊಟ ಕಮ್ಮಿ ಮಾಡಿ ನೋಡಿದ್ರಾ?" ಎಂದೆ.

"ಊಟಾನೇ? ರೊಟ್ಟಿ ನೋಡಿದ್ರೆ ಸಾಕು, ಮೈ ತುಂಬ್ಕೊಳ್ತೈತೆ ನಂದು." ಅವ್ವ ನಕ್ಕಳು. ಖೈರುನ್ನಿಸಾ ನಗಲಿಲ್ಲ. "ನಿಮ್ ಹತ್ರ ಕೊಬ್ಬು ಸುಡೋ ಪಟ್ಟಿ ಐತಂತಲ್ಲ ಮಂಗಳಮ್ಮ. ನಂಗೂ ಒಂದು ಕಟ್ರಿ. ನನಗೆ ನಡೀಬೇಕು. ಮಗಳ ಕೈ ಹಿಡ್ಕೊಂಡು ಸಂಡಾಸಿಗೆ ಹೋಗೋ ಹೆಣ್ಣಲ್ಲ ನಾನು."

ನನ್ನ ಹೆಸರು ಸರ್ವಮಂಗಳಾ. ಮಂಗಳಮ್ಮ ಎಂದು ಕರೆಯುವವರು ಅವರೊಬ್ಬರೇ. ಆ ಪ್ರೀತಿಗೆ ನಾನು ಮಾಡಿದ್ದೇನು? ಅರ್ಜಿ ತುಂಬಿದೆ. ಉದ್ಯೋಗದ ಕಾಲಮ್ಮಿನಲ್ಲಿ ಎರಡೇ ಆಯ್ಕೆ ಇದ್ದವು, ಕೂತು ಮಾಡುವ ಕೆಲಸ, ನಿಂತು ಮಾಡುವ ಕೆಲಸ. ಮೊಣಕಾಲು ನೋವಿನಿಂದ ಅವರು ಭಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಹುರಿಯುತ್ತಾರೆಂದು ನನಗೆ ಗೊತ್ತಿತ್ತು. ಕೂತು ಮಾಡುವ ಕೆಲಸ ಎಂದು ನನ್ನ ಕೈಯಾರೆ ಗುರುತು ಹಾಕಿದೆ. ಅವರಿಗೆ ಇನ್ನೂರ ಹನ್ನೆರಡನೇ ನಂಬರು ಬಂತು.

ಏಳು ವಾರ ಕಳೆದವು. ಇನ್ನೂರ ಹನ್ನೆರಡು ನಮ್ಮ ಸಂಶೋಧನಾ ಕೇಂದ್ರದ ಕಣ್ಮಣಿಯಾದರು. ಉಳಿದವರು ಮೂರು, ನಾಲ್ಕು ಕೆಜಿಗೆ ಏದುಸಿರು ಬಿಡುತ್ತಿದ್ದರೆ ಇವರದು ಒಂಬತ್ತು ಕೆಜಿ ಇಳಿದಿತ್ತು. ನಮ್ಮ ಮುಖ್ಯಸ್ಥ ಡಾ. ಕೇದಾರ, ಖೈರುನ್ನಿಸಾರ ತೂಕ ಇಳಿದ ರೇಖೆಯನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿದರು. ಹತ್ತು ದಿನದಲ್ಲಿ, ಪಟ್ಟಿಗೆ ಮುಂದಿನ ಅನುಮತಿ ಕೊಡುವ ದೆಹಲಿಯ ಸಮಿತಿ ಬರುವುದಿತ್ತು. ಭಾನುವಾರ ಮಂಡಕ್ಕಿ ತಂದ ಖೈರುನ್ನಿಸಾ ನಮ್ಮ ಮೆಟ್ಟಿಲನ್ನು ಎರಡೇ ನಿಮಿಷಕ್ಕೆ ಹತ್ತಿದರು, ಸಡಿಲಾದ ಬಳೆಗಳನ್ನು ಅವ್ವನ ಮುಂದೆ ಜಾರಿಸಿ ತೋರಿಸಿದರು. ನನಗೂ ಖುಷಿಯಾಯಿತು. ಹೊರಡುವಾಗ ಮಗಳು ತಸ್ಮಿಯಾ ಮಾತ್ರ ನನ್ನ ಕಿವಿಯಲ್ಲಿ, "ಅಮ್ಮಿ ದಿನಾ ಎರಡು ಕೊಡ ನೀರು ಕುಡೀತಾಳೆ ಮೇಡಂ, ಮಧ್ಯಾಹ್ನ ಆದ್ರೆ ಸುಮ್‌ಸುಮ್ನೆ ರೇಗ್ತಾಳೆ" ಎಂದಳು. ಖೈರುನ್ನಿಸಾ ರೇಗದ ದಿನ ಯಾವುದು ಎಂದು ನಾನು ತಮಾಷೆ ಮಾಡಿ ಕಳಿಸಿದೆ.

ಆ ತಮಾಷೆ ಸೋಮವಾರ ಬೆಳಿಗ್ಗೆ ನನಗೇ ತಿರುಗಿ ಬಡಿಯಿತು.

ನಮ್ಮ ನಿಗಾ ಕೋಣೆಯ ಗೋಡೆಯ ಮೇಲೆ ನಾಲ್ಕು ನೂರು ದೀಪಗಳಿವೆ, ಒಬ್ಬೊಬ್ಬರಿಗೆ ಒಂದು; ಔಷಧ ಹೋಗುತ್ತಿದ್ದರೆ ಹಸಿರು, ಬಿಸಿ ಹೆಚ್ಚಾಗಿ ನಿಂತರೆ ಕೆಂಪು. ಎಲ್ಲವೂ ಹಸಿರಾಗಿದ್ದವು. ಇನ್ನೂರ ಹನ್ನೆರಡು ಯಾಕೆ ಇಷ್ಟು ಚೆನ್ನಾಗಿ ಇಳಿಯುತ್ತಿದ್ದಾರೆ, ಸಮಿತಿಯವರು ಕೇಳಿದರೆ ಏನು ಹೇಳಲಿ ಎಂದು ನಾನು ಅವರ ಏಳು ವಾರದ ಅಂಕಿಗಳನ್ನು ತೆಗೆಸಿದೆ. ನಿಗಾ ನೋಡುವ ಮಹಾರುದ್ರ ಪರದೆಯ ಮೇಲೆ ಹಾಕಿದ. ಬೆಳಿಗ್ಗೆ ಎಂಟರವರೆಗೆ ಚರ್ಮದ ಬಿಸಿ ತೊಂಬತ್ತೆರಡು, ಎಲ್ಲರ ಹಾಗೆ. ಎಂಟಾದ ಮೇಲೆ ಸರ್ರನೆ ಇಳಿದು ಎಂಬತ್ತನಾಲ್ಕು. ಮಧ್ಯಾಹ್ನ ಎರಡರವರೆಗೆ ಹಾಗೇ ತಣ್ಣಗೆ. ದಿನಾಲೂ ಹೀಗೆ, ಶುಕ್ರವಾರ ಒಂದು ಬಿಟ್ಟು.

"ಶುಕ್ರವಾರ ಭಟ್ಟಿಗೆ ರಜಾ" ಎಂದೆ.

"ಮೇಡಂ, ಭಟ್ಟಿ ಮುಂದೆ ಕೂತೋರಿಗೆ ಚಳಿ ಆಗ್ತೈತಾ?" ಎಂದು ಮಹಾರುದ್ರ ಕೇಳಿದ. ಏಪ್ರಿಲ್ ತಿಂಗಳು, ಹೊರಗೆ ಕಾಗೆ ಕೂಡ ನೆರಳು ಹುಡುಕುತ್ತಿತ್ತು.

ನಾನು ಓಡಿದ್ದು ಕೇದಾರರ ಕೋಣೆಗೆ. ಅವರು ಕೆಟ್ಟವರಲ್ಲ, ಆದರೆ ಸಮಿತಿಯ ಹೆಸರು ಕೇಳಿ ಅರ್ಧ ಕಿವುಡಾಗಿದ್ದರು. "ಸೆನ್ಸರ್ ಕೆಟ್ಟಿರಬಹುದು. ಹೃದಯದ ಬಡಿತ ಎಷ್ಟಿದೆ?" ಎಂದರು.

"ಎಪ್ಪತ್ತಾರು."

"ಮತ್ತೆ? ಮೈಯಲ್ಲಿ ಏನಾದರೂ ಎಡವಟ್ಟಾಗಿದ್ದರೆ ಹೃದಯ ಓಡುತ್ತಿರಲಿಲ್ಲವೇ? ಹಸಿರು ದೀಪ ಹಚ್ಚಿಕೊಂಡು ಸುಖವಾಗಿ ಕೂತವರನ್ನು ಯಾಕೆ ಎಬ್ಬಿಸುತ್ತೀರಿ?"

ಅವರ ಮಾತು ಮುಗಿಯುವಷ್ಟರಲ್ಲಿ ನನ್ನ ತಪ್ಪು ನನಗೆ ಕಂಡಿತು. ಹೃದಯ ಹೇಗೆ ಓಡುತ್ತದೆ? ಅದರ ಬಾಗಿಲಿಗೆ ನಾನೇ ಚಿಲಕ ಹಾಕಿದ್ದೇನಲ್ಲ! ಮೈ ಕುದಿಯತೊಡಗಿದರೆ ಮೊದಲು ಬಡಿದುಕೊಂಡು ಹೇಳಬೇಕಾದದ್ದು ಹೃದಯವೇ. ರಕ್ತವನ್ನು ಚರ್ಮಕ್ಕೆ ದಬ್ಬಿ ಬಿಸಿಯನ್ನು ಹೊರಹಾಕುವುದೂ ಅದೇ. ಕಾವಲುಗಾರ ಸುಸ್ತಾಗದಿರಲಿ ಎಂದು ಅವನನ್ನು ಕೋಣೆಯಲ್ಲಿ ಕೂಡಿಹಾಕಿದವಳು ನಾನು.

"ನಾನು ಭಟ್ಟಿಗೆ ಹೋಗ್ತೀನಿ" ಎಂದೆ.

"ಹತ್ತೂವರೆಗೆ ಮೀಟಿಂಗ್ ಇದೆ."

"ಅದಕ್ಕೂ ಚಿಲಕ ಹಾಕಿ" ಎಂದು ಹೇಳಿ ಹೊರಬಿದ್ದೆ. ಸಿಟ್ಟು ಅವರ ಮೇಲಲ್ಲ, ನನ್ನ ಮೇಲೆ.

ಭಟ್ಟಿ ಎಂದರೆ ತಗಡಿನ ಮಾಡು, ನೆಲದಲ್ಲಿ ಹುಗಿದ ಒಲೆ, ಒಲೆಗೆ ಭತ್ತದ ಹೊಟ್ಟು. ಅಗಲವಾದ ಬಾಣಲೆಯಲ್ಲಿ ಮರಳು ಕೆಂಪಗೆ ಕಾದಿರುತ್ತದೆ. ಉಪ್ಪುನೀರು ಸವರಿದ ಅಕ್ಕಿ ಅದರಲ್ಲಿ ಬಿದ್ದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅರಳುತ್ತದೆ, ತಕ್ಷಣ ಜರಡಿ ಹಿಡಿಯಬೇಕು. ಚಿಕ್ಕಂದಿನಿಂದ ನಾನು ಅಲ್ಲಿ ನೂರು ಸಲ ಬಾಗಿಲಲ್ಲಿ ನಿಂತು ಮಂಡಕ್ಕಿ ಕೊಂಡಿದ್ದೇನೆ. ಒಂದು ಸಲವೂ ಒಳಗೆ ಹೋಗಿರಲಿಲ್ಲ.

ಅಂದು ಹೋದೆ. ಖೈರುನ್ನಿಸಾ ಸ್ಟೂಲಿನ ಮೇಲೆ ಕೂತು ಹುರಿಯುತ್ತಿದ್ದರು. ಅವರ ಬಲಗೈ ಮಣಿಕಟ್ಟಿನಿಂದ ಭುಜದವರೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿತ್ತು. ಪಕ್ಕದಲ್ಲಿ ಬಕೆಟ್ಟು. ನಾನು ನೋಡುತ್ತಿದ್ದಂತೆ ತಸ್ಮಿಯಾ ಒಂದು ಚೊಂಬು ನೀರನ್ನು ತಾಯಿಯ ತೋಳಿನ ಮೇಲೆ ಸುರಿದಳು.

"ಇದೇನಿದು ಬಟ್ಟೆ?"

"ಬಟ್ಟೆ ಇಲ್ದೆ ಕೈ ಉಳೀತೈತೇನ್ರಿ? ನಮ್ಮಜ್ಜಿ ಕಾಲದಿಂದ ಹಿಂಗೇ ಸುತ್ಕೊಳ್ಳೋದು" ಎಂದರು ಖೈರುನ್ನಿಸಾ. ಆಮೇಲೆ ಹೆಮ್ಮೆಯಿಂದ, "ನಿಮ್ ಪಟ್ಟಿ ಬಿಸಿಗೆ ಕೆಡಬಾರ್ದು ಅಂತ ಅದರ ಮ್ಯಾಲೆ ಎರಡು ಸುತ್ತು ಜಾಸ್ತೀನೇ ಸುತ್ತೀನಿ" ಎಂದರು.

ನನಗೆ ಎಲ್ಲ ಅರ್ಥವಾಯಿತು. ಒದ್ದೆ ಬಟ್ಟೆಯ ಕೆಳಗೆ ತೋಳು ತಣ್ಣಗಿದೆ. ಪಟ್ಟಿ ಪಾಪ, ಈ ಹೆಂಗಸು ಚಳಿಯಲ್ಲಿ ನಡುಗುತ್ತಿದ್ದಾಳೆ ಎಂದು ತಿಳಿದು ಏಳು ವಾರದಿಂದ ಮೈಯೊಳಗೆ ಒಲೆ ಉರಿಸುತ್ತಿದೆ. ಹೊರಗೊಂದು ಭಟ್ಟಿ, ಒಳಗೊಂದು ಭಟ್ಟಿ. ಇವರು ಇನ್ನೂ ಬದುಕಿರುವುದು ಆ ಎರಡು ಕೊಡ ನೀರಿನಿಂದ.

"ಏಳಿ. ಪಟ್ಟಿ ತೆಗೀಬೇಕು, ಈಗಲೇ."

"ಇನ್ನು ಮೂರೇ ಮೂರು ಕೆಜಿ ಐತೆ ಮಂಗಳಮ್ಮ!" ಅವರ ದನಿ ಏರಿತು. "ಮೂರು ಕೆಜಿಗೋಸ್ಕರ ನನ್ನ ಕಾಲು ಕಿತ್ಕೋತೀರಾ? ನಾನು ತೆಗೆಯೋಕೆ ಬಿಡಲ್ಲ." ಮಾತನಾಡುವಾಗ ನಾಲಿಗೆ ಸ್ವಲ್ಪ ತೊದಲುತ್ತಿತ್ತು. ಮುಖ ಕೆಂಪಗಿತ್ತು, ಆದರೆ ಅದರ ಮೇಲೆ ಬೆವರೇ ಇರಲಿಲ್ಲ. ಬೆವರು ನಿಂತಿದೆ ಎಂದರೆ ಮೈ ತನ್ನನ್ನು ತಾನು ತಣಿಸಿಕೊಳ್ಳುವುದನ್ನೇ ಬಿಟ್ಟಿದೆ ಎಂದರ್ಥ.

ಬ್ಯಾಗಿನಲ್ಲಿದ್ದ ಥರ್ಮಾಮೀಟರನ್ನು ಜಬರದಸ್ತಿನಿಂದ ಅವರ ಬಾಯಿಗೆ ಇಟ್ಟೆ. ನೂರೈದು. ಅದನ್ನು ನಾನು ತಸ್ಮಿಯಾಗೆ ತೋರಿಸುವಷ್ಟರಲ್ಲಿ ಜರಡಿ ಕೆಳಗೆ ಬಿತ್ತು, ಅದರ ಹಿಂದೆಯೇ ಖೈರುನ್ನಿಸಾ ಪಕ್ಕಕ್ಕೆ ವಾಲಿದರು. ನಾವಿಬ್ಬರೂ ಹಿಡಿಯದಿದ್ದರೆ ಬಾಣಲೆಯ ಮೇಲೇ ಬೀಳುತ್ತಿದ್ದರು.

ಕುದಿಯುವ ಮೈಗೆ ಮದ್ದು ಒಂದೇ, ತಣ್ಣೀರು. ಹಿಂದಿನ ಅಂಗಳದಲ್ಲಿ ಭತ್ತ ನೆನೆಹಾಕುವ ಕಲ್ಲಿನ ತೊಟ್ಟಿ ಇತ್ತು. ತಸ್ಮಿಯಾ ತಾಯಿಯ ಕಂಕುಳಿಗೆ ಕೈ ಹಾಕಿ ಎಳೆದಳು, ನಾನು ಕಾಲು ಹಿಡಿದೆ. ತೊಟ್ಟಿಯ ಅಂಚಿಗೆ ಬಂದಾಗ ನನಗೆ ಹೊಳೆಯಿತು. ಈಗ ನೀರಿಗೆ ಇಳಿಸಿದರೆ ಪಟ್ಟಿ ಇನ್ನೂ ತಣ್ಣಗಾಗುತ್ತದೆ, ಒಳಗೆ ಉಳಿದ ಔಷಧವನ್ನೆಲ್ಲ ಒಂದೇ ಸಲ ಸುರಿದುಬಿಡುತ್ತದೆ. ಬಂದ್ ಮಾಡದೆ ಕಿತ್ತು ತೆಗೆಯೋಣವೆಂದರೆ ಸೂಜಿಗಳು ಚರ್ಮದಲ್ಲಿ ಮುರಿದು ಔಷಧ ಅಲ್ಲೇ ಒಸರುತ್ತದೆ. ಯಾರೂ ಕಿತ್ತು ಹಾಕದಿರಲಿ ಎಂದು ಹಾಗೆ ಮಾಡಿಸಿದವಳೂ ನಾನೇ.

ಫೋನಿನಲ್ಲಿ ಮಹಾರುದ್ರ ಸಿಕ್ಕ. "ಇನ್ನೂರ ಹನ್ನೆರಡು ಬಂದ್ ಮಾಡು!"

"ಮೇಡಂ, ದೀಪ ಹಸಿರೈತೆ. ಹಸಿರಿದ್ದಾಗ ಬಂದ್ ಮಾಡೋಕೆ ಸರ್ ಸಹಿ ಬೇಕು, ಅವರು ಮೀಟಿಂಗ್‌ನಾಗೆ..." ಅವನ ದನಿ ಅಳುವ ಹಾಗಿತ್ತು. "ಓಡಿ ಹೋಗಿ ತರ್ತೀನಿ, ಹತ್ತು ನಿಮಿಷ!"

ಹತ್ತು ನಿಮಿಷ ನಮ್ಮಲ್ಲಿರಲಿಲ್ಲ. ನಾನು ಭಟ್ಟಿಯ ಕಡೆ ನೋಡಿದೆ. ಒಲೆಯ ಪಕ್ಕದ ಮೊಳೆಯಲ್ಲಿ ಒಂದು ಬಟ್ಟೆಯ ಗಂಟು ನೇತಾಡುತ್ತಿತ್ತು.

"ಅದೇನು?"

"ಮರಳಿನ ಗಂಟು. ಸಂಜೆ ಅಮ್ಮಿ ಮೊಣಕಾಲಿಗೆ ಶಾಖ ಕೊಡೋದು."

"ತಗೊಂಡು ಬಾ! ಬಿಸಿ ಮರಳು ತುಂಬು, ಚರ್ಮ ಸುಡದಷ್ಟು!"

ತಸ್ಮಿಯಾ ಯಾಕೆ ಎಂದು ಕೇಳಲಿಲ್ಲ. ಜರಡಿಯ ಕೆಳಗೆ ಆರುತ್ತಿದ್ದ ಮರಳನ್ನು ಬೊಗಸೆಯಲ್ಲಿ ಎತ್ತಿ ಗಂಟು ಕಟ್ಟಿ, ತನ್ನ ಕೆನ್ನೆಗೆ ಮುಟ್ಟಿಸಿ ಹದ ನೋಡಿ ತಂದಳು. ನಾನು ಒದ್ದೆ ಬಟ್ಟೆ ಬಿಚ್ಚಿ ತೋಳನ್ನು ಒರೆಸಿದೆ. ಖೈರುನ್ನಿಸಾರ ಮೈಯನ್ನು ಕತ್ತಿನವರೆಗೆ ತೊಟ್ಟಿಯ ನೀರಿಗೆ ಇಳಿಸಿದೆವು, ಬಲತೋಳನ್ನು ಮಾತ್ರ ಅಂಚಿನ ಮೇಲೆ ಚಾಚಿ ಪಟ್ಟಿಯ ಮೇಲೆ ಬಿಸಿ ಗಂಟು ಒತ್ತಿ ಹಿಡಿದೆ. ಏಳು ವಾರ ಪಟ್ಟಿಗೆ ಒಂದು ಸುಳ್ಳು ಕೇಳಿಸಿತ್ತು. ಈಗ ನಾನು ಅದಕ್ಕೆ ಎದುರು ಸುಳ್ಳು ಹೇಳುತ್ತಿದ್ದೆ.

"ಎಷ್ಟೈತೆ ಮಹಾರುದ್ರ?"

"ಎಂಬತ್ತಾರು... ತೊಂಬತ್ತು... ತೊಂಬತ್ತೇಳು..." ಅವನು ಹರಾಜು ಕೂಗುವವನ ಹಾಗೆ ಎಣಿಸಿದ. "ನೂರು! ನೂರಾ ಒಂದು! ಕೆಂಪಾಯ್ತು ಮೇಡಂ, ಔಷಧ ನಿಂತೋಯ್ತು!"

ನನ್ನ ಜೀವನದಲ್ಲಿ ಕೆಂಪು ದೀಪ ಕೇಳಿ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಆಂಬುಲೆನ್ಸಿಗೆ ಹೇಳಿ, ನಲವತ್ತು ನಿಮಿಷ ತೊಟ್ಟಿಯ ಪಕ್ಕ ಮಂಡಿಯೂರಿ ಕೂತೆ. ಗಂಟು ಆರಿದ ಹಾಗೆಲ್ಲ ತಸ್ಮಿಯಾ ಇನ್ನೊಂದು ತಂದಳು. ಥರ್ಮಾಮೀಟರು ಇಳಿಯುತ್ತ ಬಂತು, ನೂರಾ ನಾಲ್ಕು, ನೂರಾ ಮೂರು, ನೂರಾ ಒಂದು. ಆಂಬುಲೆನ್ಸು ಗೇಟಿನೊಳಗೆ ಬರುವ ಹೊತ್ತಿಗೆ ಖೈರುನ್ನಿಸಾ ಕಣ್ಣು ಬಿಟ್ಟು, ತಮ್ಮ ಸುತ್ತ ತೇಲುತ್ತಿದ್ದ ಭತ್ತ ನೋಡಿ, "ಯಾ ಅಲ್ಲಾ, ಒಂದು ತೊಟ್ಟಿ ಭತ್ತ ಹಾಳು ಮಾಡಿದ್ರಲ್ರೇ" ಎಂದು ಬೈದರು. ನಾನು ಅಲ್ಲೇ ಕೂತು ಅತ್ತೆ.

ಅದೇ ಮಧ್ಯಾಹ್ನ, ಒದ್ದೆ ಸೀರೆಯಲ್ಲೇ ಕೇದಾರರ ಮುಂದೆ ನಿಂತೆ. ನಡೆದದ್ದನ್ನು ಬರೆದುಕೊಟ್ಟೆ, ತಪ್ಪು ನನ್ನದೆಂದೂ ಬರೆದೆ. ನಾಲ್ಕು ನೂರು ಪಟ್ಟಿಗಳನ್ನೂ ಇವತ್ತೇ ನಿಲ್ಲಿಸಬೇಕು ಎಂದೆ.

"ಇನ್ನೂರ ಹನ್ನೆರಡನ್ನು ಕೈಬಿಡೋಣ. ಉಳಿದವರು ಭಟ್ಟಿಯಲ್ಲಿ ಕೆಲಸ ಮಾಡುವವರಲ್ಲವಲ್ಲ. ಹನ್ನೊಂದು ವರ್ಷ, ಸರ್ವಮಂಗಳಾ!" ಎಂದರು.

"ಉಳಿದವರಲ್ಲಿ ಬೇಕರಿಯವರಿದ್ದಾರೆ, ಇಸ್ತ್ರಿಯವರಿದ್ದಾರೆ, ಹೋಟೆಲ್ ಅಡುಗೆಯವರಿದ್ದಾರೆ. ನಮ್ಮ ಅರ್ಜಿಯಲ್ಲಿ ಅವರೆಲ್ಲ ಕೂತವರು, ಇಲ್ಲ ನಿಂತವರು. ಯಾರು ಬೆಂಕಿ ಮುಂದೆ ಇದ್ದಾರೆ ಅಂತ ನಾವು ಕೇಳಲೇ ಇಲ್ಲ. ಹನ್ನೊಂದು ವರ್ಷ ನನ್ನದು ಸರ್, ಅದನ್ನು ಸುಡುವ ಹಕ್ಕೂ ನನ್ನದೇ. ಸಹಿ ಹಾಕಿ. ಹಾಕದಿದ್ದರೆ ನಾಲ್ಕು ನೂರು ಮನೆಗೂ ನಾನೇ ಹೋಗಿ ಬಾಗಿಲು ತಟ್ಟುತ್ತೇನೆ."

ಅವರು ಗೋಡೆಯ ಮೇಲಿನ ರೇಖೆ ನೋಡಿದರು. ಎದ್ದು ಹೋಗಿ ಅದನ್ನು ತಾವೇ ಕಿತ್ತರು. ಆಮೇಲೆ ಸಹಿ ಹಾಕಿದರು. ಗೋಡೆಯ ದೀಪಗಳೆಲ್ಲ ಆರಿದಾಗ ಮಹಾರುದ್ರ ಕುರ್ಚಿಯಿಂದ ಎದ್ದು ನಿಂತಿದ್ದ. ದೆಹಲಿಯ ಸಮಿತಿ ಬರಲೇ ಇಲ್ಲ.

ವಾರದ ಮೇಲೆ ಖೈರುನ್ನಿಸಾ ನಮ್ಮ ಮನೆಗೆ ಬಂದರು. ಕ್ಷಮೆ ಕೇಳಲು ನಾನು ಬಾಯಿ ತೆರೆಯುವ ಮುಂಚೆಯೇ ಅವರೇ ಶುರು ಮಾಡಿದರು.

"ಅಂಗಡಿ ಮುಚ್ಚಿದ್ರಂತೆ? ಒಂದು ಪಾಕ ಕೆಟ್ರೆ ಒಲೆ ಒಡೆದು ಹಾಕ್ತಾರೇನ್ರಿ ಯಾರಾದ್ರೂ? ಅಲ್ಲಾ, ಮಗೂಗೆ ಜ್ವರ ಬಂದ್ರೆ ತೋಳು ಮುಟ್ಟಿ ನೋಡ್ತೀವಾ? ಕಂಕುಳಾಗೆ ನೋಡ್ತೀವಿ. ನಿಮ್ ಪಟ್ಟೀನ ಕಂಕುಳಾಗೆ ಹಾಕ್ರಿ. ಅಲ್ಲಿಗೆ ಯಾವ ಭಟ್ಟಿಯೋಳೂ ಒದ್ದೆ ಬಟ್ಟೆ ಸುತ್ತಲ್ಲ." ಎದ್ದು ಹೊರಡುತ್ತ, "ನನ್ನ ಮೂರು ಕೆಜಿ ನಿಮ್ ಮ್ಯಾಲೈತೆ, ಮರೀಬ್ಯಾಡ್ರಿ" ಎಂದರು.

ಹೊಸ ಅನುಮತಿಗೆ, ಹೊಸ ಪಟ್ಟಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಬಿಸಿ ನೋಡುವ ಕಣ್ಣು ಈಗ ಕಂಕುಳಲ್ಲಿದೆ. ಮೊದಲ ಬಾಗಿಲಿನ ಚಿಲಕ ತೆಗೆದುಹಾಕಿದ್ದೇನೆ. ಹೃದಯ ತನಗೆ ಅನಿಸಿದ್ದನ್ನು ಹೇಳಲಿ. ಇದರಿಂದ ಕೊಬ್ಬು ಇಳಿಯುವುದು ನಿಧಾನ, ವಾರಕ್ಕೆ ಅರ್ಧ ಕೆಜಿಯೂ ಇಲ್ಲ. ಅರ್ಜಿಯ ಉದ್ಯೋಗದ ಕಾಲಮ್ಮಿನಲ್ಲಿ ಆಯ್ಕೆಗಳೇ ಇಲ್ಲ, ಖಾಲಿ ಜಾಗವಿದೆ, ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು. ತಣ್ಣನೆಯ ಕೋಣೆಗೆ ಬೀಗ ಹಾಕಿ, ಮೊದಲ ಪರೀಕ್ಷೆಯನ್ನು ಭಟ್ಟಿಯಲ್ಲೇ ಇಟ್ಟುಕೊಂಡೆವು.

ಮೊದಲು ಪಟ್ಟಿ ಕಟ್ಟಿಕೊಂಡವಳು ನಾನು. ಖೈರುನ್ನಿಸಾರ ಸ್ಟೂಲಿನ ಮೇಲೆ ಕೂತು, ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಕೆಂಡದಂಥ ಮರಳಿನ ಮುಂದೆ ಜರಡಿ ಹಿಡಿದೆ. ಕೇದಾರ ಬಾಗಿಲಲ್ಲಿ ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತ ನಿಂತಿದ್ದರು. ಎರಡು ಬಾಣಲೆ ಮಂಡಕ್ಕಿ ಸುಟ್ಟು ಕರಕಲಾದವು, ತಸ್ಮಿಯಾ ಹಣೆ ಚಚ್ಚಿಕೊಂಡಳು. ಇಪ್ಪತ್ತು ನಿಮಿಷಕ್ಕೆ ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಆ ಶಬ್ದ ನನಗೆ ಬಹಳ ಹಿತವಾಗಿತ್ತು.

"ಬಾಯಿ ತೆಗೀರಿ" ಎಂದು ಖೈರುನ್ನಿಸಾ ಥರ್ಮಾಮೀಟರು ಇಟ್ಟರು.

ಪಟ್ಟಿ ಕಿರ್ರೆಂದಿತು. ಫೋನಿನಲ್ಲಿ ಮಹಾರುದ್ರ, "ಕೆಂಪು. ತಾನೇ ನಿಂತ್ಕೊಂಡೈತೆ ಮೇಡಂ, ನೂರಕ್ಕೆ ಸರಿಯಾಗಿ" ಎಂದ.

ಖೈರುನ್ನಿಸಾ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಎರಡು ಸಲ ನೋಡಿದರು. "ನೂರು" ಎಂದರು. ಆಮೇಲೆ ನನ್ನನ್ನು ಸ್ಟೂಲಿನಿಂದ ಎಬ್ಬಿಸಿ, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ತಾವು ಕೂತರು. ರವಿಕೆಯ ತೋಳು ಸರಿಸಿ ಕೈ ಮೇಲೆತ್ತಿದರು.

"ಹೂಂ, ಈಗ ಕಟ್ರಿ ನನಗೆ. ಮೂರು ಕೆಜಿ ಬಾಕಿ ಐತೆ."